ಹೆಸರು ಅದೇ, ಮುಖ ಬೇರೆ



ಧಾರಾವಾಹಿಯೊಂದರಲ್ಲಿ ನಿನ್ನೆಯವರೆಗೆ ಒಬ್ಬ ನಟಿ ವಹಿಸುತ್ತಿದ್ದ ಪಾತ್ರವನ್ನು ಇಂದಿನಿಂದ ಮತ್ತೊಬ್ಬ ನಟಿ ವಹಿಸತೊಡಗುತ್ತಾರೆ. ಹೆಸರು ಅದೇ, ಉಡುಗೆ ಅದೇ, ಗಂಡನೂ ಅತ್ತೆಯೂ ಅವರೇ. ಮುಖ ಮಾತ್ರ ಬೇರೆ. ನೋಡುತ್ತ ಕುಳಿತ ಮನೆಮಂದಿ ತಬ್ಬಿಬ್ಬಾಗಿ, ‘ಇವಳ್ಯಾರು?’ ಎಂದು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. ನಾಲ್ಕು ದಿನ ಹೊಸಬಳನ್ನು ಬೈಯುತ್ತಾರೆ, ಹಳಬಳನ್ನು ನೆನೆಯುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಹೊಸ ಮುಖಕ್ಕೇ ಹಳೆಯ ಹೆಸರು ಅಂಟಿಕೊಂಡು, ಅವಳ ಕಷ್ಟಕ್ಕೂ ಕಣ್ಣೀರು ಒರೆಸಿಕೊಳ್ಳುತ್ತಾರೆ. ಈ ನಾಲ್ಕು ವಾರಗಳಲ್ಲಿ ನೋಡುವವರ ಮನಸ್ಸಿನೊಳಗೆ ನಡೆದುದಾದರೂ ಏನು? ಈ ಸಲ ನಾವು ವಿಚಾರಿಸಹೊರಟಿರುವುದು ಇದನ್ನೇ.

ಶಾಸ್ತ್ರ ಓದಿದವರು ಟಿ.ವಿ. ಕಥೆಗೆ ಏಕೆ ಕೈಹಾಕಿದರೆಂದು ಕೆಲವರಿಗೆ ಅನ್ನಿಸಬಹುದು. ಮಲೆನಾಡಿನ ಮನೆಗಳ ಇಂದಿನ ಸ್ಥಿತಿಯನ್ನು ಬಲ್ಲವರಿಗೆ ಹಾಗೆ ಅನ್ನಿಸದು. ನಮ್ಮ ಮಲ್ಲಂದೂರಿನಂಥ ಕಡೆಗಳಲ್ಲಿ ಮನೆಗೂ ಮನೆಗೂ ನಡುವೆ ತೋಟವಿದೆ. ಮಕ್ಕಳು ಓದಿ ಬೆಂಗಳೂರಿಗೋ ಅದರಾಚೆಗೋ ಹೋದ ಮೇಲೆ ದೊಡ್ಡ ಮನೆಯಲ್ಲಿ ಉಳಿಯುವವರು ವೃದ್ಧ ದಂಪತಿಗಳು. ಕಾಲ ಕಳೆದಂತೆ ಇಬ್ಬರಲ್ಲಿ ಒಬ್ಬರು. ಕಾಫಿ ಕೊಯ್ಲಿನ ದಿನಗಳಲ್ಲಿ ಕಣದಲ್ಲಿ ಜನರ ಓಡಾಟವಿರುತ್ತದೆ. ಮುಂಗಾರು ಹಿಡಿಯಿತೆಂದರೆ ಹಂಚಿನ ಮೇಲೆ ಮಳೆಯ ಸದ್ದೊಂದೇ. ಅಂಥ ಮನೆಯಲ್ಲಿ ಸಂಜೆಯ ಪೂಜೆ ಮುಗಿದ ಮೇಲೆ ಕೇಳಿಬರುವ ಮನುಷ್ಯರ ಧ್ವನಿಯೆಂದರೆ ಧಾರಾವಾಹಿಯ ಪಾತ್ರಗಳದ್ದು. ಮೂರು ವರ್ಷ, ಐದು ವರ್ಷ, ದಿನಕ್ಕೆ ಅರ್ಧ ಗಂಟೆಯಂತೆ ತಪ್ಪದೆ ಮನೆಗೆ ಬಂದುಹೋಗುವವರನ್ನು ನೆಂಟರೆನ್ನದೆ ಮತ್ತೇನೆನ್ನಬೇಕು? ಅವರಲ್ಲೊಬ್ಬರ ಮುಖ ಇದ್ದಕ್ಕಿದ್ದಂತೆ ಬದಲಾದರೆ ಆ ಮನೆಗೆ ಅದು ಸಣ್ಣ ಸುದ್ದಿಯಲ್ಲ.

ಪಾತ್ರವೊಂದು, ಪಾತ್ರಧಾರಿಗಳು ಹಲವರು ಎಂಬುದು ನಮ್ಮ ನಾಡಿಗೆ ಹೊಸದೇನಲ್ಲ. ಜೀವವು ತನ್ನ ದೇಹವನ್ನೂ ಸ್ವಭಾವವನ್ನೂ ಬಿಟ್ಟು ಬೇರೊಂದು ದೇಹವನ್ನು ಹೊಗುವಂತೆ ನಟನು ಬಣ್ಣ ವೇಷಗಳ ಮೂಲಕ ಪಾತ್ರವನ್ನು ಹೊಗಬೇಕೆಂಬ ಭಾವವು ಭರತನ ನಾಟ್ಯಶಾಸ್ತ್ರದಲ್ಲಿಯೇ ಇದೆ. ಪಾತ್ರಕ್ಕೆ ನಟನನ್ನು ಆರಿಸುವ ಬಗೆಯನ್ನೂ ಆ ಗ್ರಂಥವು ಮೂರಾಗಿ ವಿಂಗಡಿಸುತ್ತದೆ. ಪಾತ್ರದ ವಯಸ್ಸು ರೂಪಗಳಿಗೆ ಹೊಂದುವ ನಟನಿದ್ದರೆ ಅನುರೂಪ. ಬಾಲಕನು ವೃದ್ಧನಾಗಿಯೋ ವೃದ್ಧನು ಬಾಲಕನಾಗಿಯೋ ಅಭಿನಯಿಸಿದರೆ ವಿರೂಪ. ಗಂಡಸು ಹೆಣ್ಣಿನ ಪಾತ್ರವನ್ನು ಧರಿಸಿದರೆ ರೂಪಾನುರೂಪ. ಮುಖವನ್ನೇ ಪಾತ್ರವೆಂದು ನಮ್ಮ ಹಿರಿಯರು ಎಂದೂ ಭಾವಿಸಿರಲಿಲ್ಲವೆಂಬುದಕ್ಕೆ ಈ ವಿಂಗಡಣೆಯೇ ಸಾಕ್ಷಿ.

ಅಷ್ಟು ದೂರವೇಕೆ? ಮೂಡಿಗೆರೆ, ಕಳಸದ ಕಡೆ ಮೇಳಗಳು ಬಂದು ಇಡೀ ರಾತ್ರಿ ಆಡುವ ಯಕ್ಷಗಾನವನ್ನು ಕಂಡವರು ಬಲ್ಲರು. ಕೃಷ್ಣನ ಕಥೆಯಾದರೆ ರಾತ್ರಿಯ ಮೊದಲ ಭಾಗಕ್ಕೆ ಒಬ್ಬ ಕೃಷ್ಣ, ಬೆಳಗಿನ ಜಾವಕ್ಕೆ ಇನ್ನೊಬ್ಬ ಕೃಷ್ಣ. ಮೊದಲನೆಯವನು ಎಳೆಯ ಕಲಾವಿದ, ಎರಡನೆಯವನು ಪಳಗಿದವನು. ಕಂಬಳಿ ಹೊದೆದು ಕುಳಿತ ಪ್ರೇಕ್ಷಕನು ‘ಕೃಷ್ಣನ ಮುಖವೇಕೆ ಬದಲಾಯಿತು?’ ಎಂದು ಕೇಳುವುದಿಲ್ಲ. ಕಿರೀಟವೂ ಮುಖದ ಬಣ್ಣವೂ ಭಾಗವತರ ಪದವೂ ಸೇರಿ ಅವನಿಗೆ ಕೃಷ್ಣನನ್ನು ತೋರಿಸುತ್ತವೆ.

ಬಸವಣ್ಣನವರ ಪಾತ್ರವನ್ನೇ ನೋಡೋಣ. ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಏಣಗಿಯಲ್ಲಿ 1914ರಲ್ಲಿ ಹುಟ್ಟಿ, ನೂರು ದಾಟಿ ಬದುಕಿ, 2017ರಲ್ಲಿ ನಮ್ಮನ್ನಗಲಿದ ಏಣಗಿ ಬಾಳಪ್ಪನವರು ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಆ ಪಾತ್ರವನ್ನು ಧರಿಸಿದಾಗ ಪ್ರೇಕ್ಷಕರು ಎದ್ದು ಬಂದು ಅವರಿಗೆ ಅಡ್ಡಬೀಳುತ್ತಿದ್ದರು. ತಾರುಣ್ಯದಲ್ಲಿ ಸ್ತ್ರೀಪಾತ್ರಗಳಿಗೆ ಹೆಸರಾದವರೂ ಇದೇ ಬಾಳಪ್ಪನವರೇ. 1959ರಲ್ಲಿ ತೆರೆಕಂಡ ‘ಜಗಜ್ಯೋತಿ ಬಸವೇಶ್ವರ’ ಚಲನಚಿತ್ರದಲ್ಲಿ ಹೊನ್ನಪ್ಪ ಭಾಗವತರು ಬಸವಣ್ಣನವರಾದರು, ರಾಜಕುಮಾರರು ಬಿಜ್ಜಳನಾದರು. 1983ರ ‘ಕ್ರಾಂತಿಯೋಗಿ ಬಸವಣ್ಣ’ದಲ್ಲಿ ಆ ಪಾತ್ರ ಅಶೋಕ್ ಅವರದಾಯಿತು. ಮುಖಗಳು ಮೂರಾದುವು, ಬಸವಣ್ಣನವರು ಒಬ್ಬರೇ ಎಂಬ ತಿಳಿವಿಗೆ ಧಕ್ಕೆ ಬರಲಿಲ್ಲ.

ಹಾಗಿದ್ದಲ್ಲಿ ಧಾರಾವಾಹಿಯ ಸೊಸೆಯ ಮುಖ ಬದಲಾದಾಗ ಮಾತ್ರ ಮನಸ್ಸು ಏಕೆ ಕೆಡುತ್ತದೆ? ಇದಕ್ಕೆ ಉತ್ತರ ಹುಡುಕಲು ನಮ್ಮ ಅಲಂಕಾರಿಕರ ಎರಡು ಮಾತುಗಳು ನೆರವಾಗುತ್ತವೆ. ಯಾರನ್ನು ಅನುಕರಿಸಲಾಗುತ್ತದೆಯೋ ಅವನು ಅನುಕಾರ್ಯ, ಅನುಕರಿಸುವ ನಟನು ಅನುಕರ್ತೃ. ರಂಗದ ಮೇಲಿನ ರಾಮನನ್ನು ನಾವು ಚಿತ್ರದಲ್ಲಿ ಬರೆದ ಕುದುರೆಯನ್ನು ಕುದುರೆಯೆಂದು ಗ್ರಹಿಸುವ ರೀತಿಯಲ್ಲಿ ಗ್ರಹಿಸುತ್ತೇವೆಂದು ಶಂಕುಕನೆಂಬ ವಿದ್ವಾಂಸನು ಹೇಳಿದನು. ಚಿತ್ರತುರಗ ನ್ಯಾಯವೆಂದು ಪ್ರಸಿದ್ಧವಾದ ಈ ವಾದವನ್ನು ಕಾಶ್ಮೀರದ ಅಭಿನವಗುಪ್ತನು ತನ್ನ ವ್ಯಾಖ್ಯಾನದಲ್ಲಿ ಚರ್ಚಿಸಿದ್ದಾನೆ. ಚಿತ್ರದ ಕುದುರೆ ನಿಜವಾದ ಕುದುರೆಯಲ್ಲವೆಂದು ನಮಗೆ ಗೊತ್ತು. ಆದರೂ ಅದನ್ನು ಸುಳ್ಳೆಂದು ತಳ್ಳಿಹಾಕುವುದಿಲ್ಲ.

ರಾಮನೂ ಬಸವಣ್ಣನವರೂ ನಟನಿಗಿಂತ ಮೊದಲೇ ನಮ್ಮೊಳಗಿರುವವರು. ನಟನು ಬರುವನು, ಹೋಗುವನು. ಅನುಕಾರ್ಯವು ನಮ್ಮ ಬಳಿಯಲ್ಲೇ ಭದ್ರವಾಗಿರುತ್ತದೆ. ಧಾರಾವಾಹಿಯ ಪಾತ್ರಕ್ಕೆ ಅಂಥ ಪೂರ್ವಜನ್ಮವಿಲ್ಲ. ಮೊದಲ ಕಂತಿನ ದಿನ ಆ ನಟಿಯ ಮುಖದೊಂದಿಗೇ ಅದು ನಮ್ಮೆದುರು ಹುಟ್ಟುತ್ತದೆ. ಆ ಮುಖವನ್ನು ಕಿತ್ತರೆ ಪಾತ್ರದಲ್ಲಿ ಉಳಿಯುವುದೇನೆಂದು ಮನಸ್ಸು ಕಕ್ಕಾಬಿಕ್ಕಿಯಾಗುವುದು ಸಹಜ. ಬೇರೆ ಚಿತ್ರಕಾರ ಬರೆದರೂ ಕುದುರೆಯನ್ನು ನಾವು ಗುರುತಿಸಬಲ್ಲೆವು. ಕುದುರೆಯನ್ನೇ ಎಂದೂ ಕಾಣದೆ ಒಂದೇ ಚಿತ್ರದಿಂದ ಅದನ್ನು ಅರಿತವನು ಎರಡನೆಯ ಚಿತ್ರದ ಮುಂದೆ ತಡವರಿಸುತ್ತಾನೆ.

ದೂರದರ್ಶನದ ಆರಂಭದ ಕಾಲದಲ್ಲಿ ಈ ತೊಡಕು ಅಷ್ಟಾಗಿ ಇರಲಿಲ್ಲ. ಆಗ ಧಾರಾವಾಹಿಗಳು ವಾರಕ್ಕೊಂದರಂತೆ 13 ಕಂತುಗಳಿಗೆ ಮುಗಿಯುವುದು ವಾಡಿಕೆ. ಶಂಕರ್‌ನಾಗ್ ಅವರು ನಮ್ಮ ನೆರೆಯ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ನ ಸ್ವಾಮಿ ಎಂದರೆ ಇಂದಿಗೂ ಮಾಸ್ಟರ್ ಮಂಜುನಾಥರ ಬಾಲಮುಖವೇ ಕಣ್ಮುಂದೆ ನಿಲ್ಲುತ್ತದೆ. ಕೆಲವೇ ವಾರಗಳಲ್ಲಿ ಮುಗಿದ ಕಥೆಗೆ ಮುಖ ಬದಲಿಸುವ ಪ್ರಮೇಯ ಎಲ್ಲಿಂದ ಬರಬೇಕು? 1998ರಲ್ಲಿ ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರ ‘ಮಾಯಾಮೃಗ’ವು ದಿನನಿತ್ಯದ ಧಾರಾವಾಹಿಯ ರುಚಿಯನ್ನು ಕನ್ನಡಿಗರಿಗೆ ಹತ್ತಿಸಿತು. ಅನಂತರ ಖಾಸಗಿ ವಾಹಿನಿಗಳಲ್ಲಿ ಕಥೆಗಳು ವರ್ಷಗಟ್ಟಲೆ, ಸಾವಿರ ಕಂತುಗಳನ್ನೂ ಮೀರಿ ಬೆಳೆದುವು. ಒಬ್ಬ ನಟಿಯ ಬದುಕಿನಲ್ಲಿ ಐದು ವರ್ಷವೆಂದರೆ ಮದುವೆ, ಮಗು, ವ್ಯಾಸಂಗ, ಅನಾರೋಗ್ಯ, ಚಲನಚಿತ್ರದ ಕರೆ, ಸಂಭಾವನೆಯ ವ್ಯಾಜ್ಯ, ಎಲ್ಲಕ್ಕೂ ಎಡೆಯುಂಟು. ಪಾತ್ರವಾದರೋ ರಜೆ ಪಡೆಯುವಂತಿಲ್ಲ. ನಾಳೆ ಸಂಜೆ ಏಳು ಗಂಟೆಗೆ ಕಂತು ಹೋಗಲೇಬೇಕು. ಆದಕಾರಣ ಬದಲಿ ನಟಿಯನ್ನು ಹುಡುಕಲು ತಂಡಕ್ಕೆ ಸಿಗುವುದು ಕೆಲವೇ ದಿನಗಳು.

ಈ ಬದಲಾವಣೆಯನ್ನು ಕಥೆಯೊಳಗೆ ತರುವ ದಾರಿಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ಕಾಲದ ದಾರಿ. ಬಾಲ್ಯವಿವಾಹವನ್ನು ಕಥಾವಸ್ತುವಾಗಿ ಉಳ್ಳ ‘ಪುಟ್ಟಗೌರಿ ಮದುವೆ’ಯಲ್ಲಿ ಬಾಲಕಿ ಗೌರಿಯಾಗಿ ಸಾನ್ಯಾ ಅಯ್ಯರ್ ಅಭಿನಯಿಸಿದರು; ಕಥೆ ವರ್ಷಗಳನ್ನು ಹಾರಿದಾಗ ರಂಜನಿ ರಾಘವನ್ ಅದೇ ಗೌರಿಯಾಗಿ ಬಂದರು. ಹುಡುಗಿ ಬೆಳೆದಳು, ಮುಖ ಬೇರೆಯಾಯಿತು, ಒಪ್ಪಿಕೊಳ್ಳುವುದು ಸುಲಭ. ಇದೇ ವಸ್ತುವಿನ ಹಿಂದಿ ಧಾರಾವಾಹಿ ‘ಬಾಲಿಕಾ ವಧು’ವಿನ ಆನಂದಿಗೆ ಮುಖಗಳು ಮೂರು. 2008ರಿಂದ ಅವಿಕಾ ಗೋರ್, 2010ರಿಂದ ಪ್ರತ್ಯೂಷಾ ಬ್ಯಾನರ್ಜಿ, 2013ರಿಂದ ತೋರಲ್ ರಾಸ್‌ಪುತ್ರ. ಮೊದಲ ಬದಲಾವಣೆಗೆ ವಯಸ್ಸಿನ ನೆಪವಿತ್ತು. ಎರಡನೆಯದಕ್ಕೆ ಆ ನೆಪವೂ ಇರಲಿಲ್ಲ. ಆದರೂ ಆನಂದಿ 2016ರವರೆಗೆ ಆನಂದಿಯಾಗಿಯೇ ಮುಂದುವರಿದಳು.

ಎರಡನೆಯದು ಮೌನದ ದಾರಿ. ‘ಈ ಪಾತ್ರವನ್ನು ಇನ್ನು ಮುಂದೆ ಇಂಥವರು ನಿರ್ವಹಿಸುತ್ತಾರೆ’ ಎಂದು ತೆರೆಯ ಕೆಳಗೆ ಒಂದು ಸಾಲು ತೋರಿಸಿ, ಕೆಲವೊಮ್ಮೆ ಅದನ್ನೂ ತೋರಿಸದೆ, ಕಥೆ ತನ್ನ ಪಾಡಿಗೆ ತಾನು ಮುಂದೆ ಸಾಗುತ್ತದೆ. ‘ಕನ್ನಡತಿ’ಯ ಸಾನಿಯಾ ಪಾತ್ರವನ್ನು ರಮೋಲಾ ನಿರ್ವಹಿಸುತ್ತಿದ್ದರು, 2021ರಲ್ಲಿ ಅದು ಆರೋಹಿ ನೈನಾ ಅವರ ಪಾಲಿಗೆ ಬಂದಿತು. ಕಥೆಯೊಳಗಿನ ಒಬ್ಬರೂ ಇದಕ್ಕೆ ಬೆರಗಾಗಲಿಲ್ಲ. ಹಿಂದಿಯ ‘ಕ್ಯೋಂಕಿ ಸಾಸ್ ಭೀ ಕಭೀ ಬಹೂ ಥೀ’ಯ ಮಿಹಿರನದು ಇನ್ನೂ ದೊಡ್ಡ ಉದಾಹರಣೆ. 2000ನೆಯ ಇಸವಿಯಲ್ಲಿ ಆರಂಭವಾದ ಆ ಕಥೆಯಲ್ಲಿ ಅಮರ್ ಉಪಾಧ್ಯಾಯರ ಮಿಹಿರನು 2001ರಲ್ಲಿ ಸತ್ತನೆಂದು ತೋರಿಸಿದಾಗ ದೇಶದ ಮನೆಮನೆಯಲ್ಲಿ ಕೋಲಾಹಲವೆದ್ದು, ಅವನನ್ನು ಬದುಕಿಸಿ ತರಬೇಕಾಯಿತು. ಅಷ್ಟು ಪ್ರೀತಿ ಗಳಿಸಿದ ಮುಖವೂ ಮುಂದೆ ಬದಲಾಯಿತು. ಸ್ವಲ್ಪ ಕಾಲ ಇಂದರ್ ಕುಮಾರ್, ತದನಂತರ 2008ರಲ್ಲಿ ಕಥೆ ಮುಗಿಯುವವರೆಗೂ ರೋನಿತ್ ರಾಯ್ ಮಿಹಿರರಾದರು. 2025ರ ಜುಲೈನಲ್ಲಿ ಆ ಧಾರಾವಾಹಿ ಮತ್ತೆ ಆರಂಭವಾದಾಗ ಮಿಹಿರನಾಗಿ ಬಂದವರು ಪುನಃ ಅಮರ್ ಉಪಾಧ್ಯಾಯರೇ. ನಡುವಿನ ಆರೇಳು ವರ್ಷ ಬೇರೆ ಮುಖದ ಮಿಹಿರನನ್ನು ಮನಸಾರೆ ಒಪ್ಪಿದ್ದ ಪ್ರೇಕ್ಷಕರು ಹಳೆಯ ಮುಖವನ್ನೂ ಅಷ್ಟೇ ಆದರದಿಂದ ಬರಮಾಡಿಕೊಂಡರು.

ಮೂರನೆಯದು ಸಮಜಾಯಿಷಿಯ ದಾರಿ. ಮುಖವೇಕೆ ಬದಲಾಯಿತೆಂಬುದಕ್ಕೆ ಕಥೆಯೇ ಕಾರಣ ಹೇಳುವುದು. ಕನ್ನಡದಲ್ಲಿ ಇದಕ್ಕೆ ಎಲ್ಲರೂ ಬಲ್ಲ ನಿದರ್ಶನ ‘ಜೊತೆ ಜೊತೆಯಲಿ’. ಮರಾಠಿಯ ‘ತುಲಾ ಪಾಹತೇ ರೇ’ಯನ್ನು ಆಧರಿಸಿ, ಆರೂರು ಜಗದೀಶ್ ಅವರ ನಿರ್ದೇಶನದಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಜೀ ಕನ್ನಡದಲ್ಲಿ ಆರಂಭವಾದ ಈ ಕಥೆಯಲ್ಲಿ ನಡುವಯಸ್ಸಿನ ಉದ್ಯಮಿ ಆರ್ಯವರ್ಧನ್ ಆಗಿ ಅನಿರುದ್ಧ ಅವರೂ, ಅನು ಸಿರಿಮನೆಯಾಗಿ ಮೇಘಾ ಶೆಟ್ಟಿಯವರೂ ಮನೆಮಾತಾದರು. 2022ರ ಆಗಸ್ಟ್‌ನಲ್ಲಿ ನಿರ್ಮಾಣ ತಂಡಕ್ಕೂ ನಾಯಕನಟರಿಗೂ ಭಿನ್ನಾಭಿಪ್ರಾಯ ತಲೆದೋರಿ ಅನಿರುದ್ಧರು ಹೊರಬಂದರು. ಯಾರದು ಸರಿ, ಯಾರದು ತಪ್ಪು ಎಂಬುದನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಕಥೆಗೆ ಒದಗಿದ ಪಾಡು ಮಾತ್ರ ಗಮನಾರ್ಹ. ಅಪಘಾತವೊಂದು ನಡೆದು, ಶಸ್ತ್ರಚಿಕಿತ್ಸೆಯಿಂದ ಆರ್ಯವರ್ಧನನಿಗೆ ಬೇರೊಬ್ಬನ ಮುಖ ಬಂದು, ಹಳೆಯ ನೆನಪುಗಳೂ ಅಳಿಸಿಹೋದುವೆಂದು ಕಥೆ ಹೆಣೆಯಲಾಯಿತು. ಆ ಹೊಸ ಮುಖದಲ್ಲಿ ಬಂದವರು ಹರೀಶ್ ರಾಜ್. ತನ್ನ ಗಂಡನೇ ಪರಪುರುಷನ ಮುಖದಲ್ಲಿ ಎದುರು ನಿಂತಿದ್ದರೂ ಅನು ಅವನನ್ನು ಗುರುತಿಸಲಾರಳು. ಅವನೂ ಅವಳನ್ನು ಗುರುತಿಸಲಾರ. ಧಾರಾವಾಹಿ 2023ರ ಮೇ ತಿಂಗಳಲ್ಲಿ ಮುಗಿಯಿತು.

ಇಲ್ಲೊಂದು ಸ್ವಾರಸ್ಯವುಂಟು. ಅನು ಬೇರಾರೂ ಅಲ್ಲ, ಆರ್ಯವರ್ಧನನ ಹಿಂದಿನ ಪತ್ನಿ ರಾಜನಂದಿನಿಯ ಮರುಹುಟ್ಟು ಎಂಬುದೇ ಮೂಲಕಥೆಯ ಗುಟ್ಟು. ಒಂದೇ ಜೀವ ಬೇರೆ ಮುಖದಲ್ಲಿ ಬರಬಹುದೆಂಬ ನಂಬಿಕೆಯ ಮೇಲೆಯೇ ನಿಂತಿದ್ದ ಕಥೆಯದು. ಅದನ್ನು ಪ್ರೇಕ್ಷಕರು ಸಲೀಸಾಗಿ ನಂಬಿದರು. ಆದರೆ ನಾಯಕನ ಮುಖ ಬದಲಾದಾಗ ಅನೇಕರಿಗೆ ಒಪ್ಪಲು ಕಷ್ಟವಾಯಿತು. ಹೀಗೇಕೆ?

ನಮ್ಮ ಅಭಿಪ್ರಾಯದಲ್ಲಿ ಈ ಪ್ರಶ್ನೆಯ ಉತ್ತರದಲ್ಲಿಯೇ ಇಡೀ ವಿಷಯದ ಕೀಲಿಕೈ ಇದೆ. ಮೌನದ ದಾರಿಯಲ್ಲಿ ಹೊಸ ನಟಿ ಬಾಗಿಲಿಗೆ ಬಂದ ಕೂಡಲೇ ಅತ್ತೆಯು ಹಳೆಯ ಹೆಸರಿನಿಂದಲೇ ಕರೆದು ಒಳಗೆ ಬಾ ಎನ್ನುತ್ತಾಳೆ. ಗಂಡನು ಹಳೆಯ ಜಗಳವನ್ನೇ ಮುಂದುವರಿಸುತ್ತಾನೆ. ಮಗು ಅಮ್ಮ ಎಂದು ಸೆರಗು ಹಿಡಿಯುತ್ತದೆ. ಸುತ್ತಲಿನ ಹತ್ತು ಪಾತ್ರಗಳು ಅನುಮಾನವಿಲ್ಲದೆ ಅವಳನ್ನು ಅವಳೆಂದು ಕಾಣುವುದರಿಂದ, ನೋಡುವ ನಾವೂ ಅವರ ಕಣ್ಣಿನಿಂದಲೇ ಅವಳನ್ನು ನೋಡಲು ಕಲಿಯುತ್ತೇವೆ. ಸಮಜಾಯಿಷಿಯ ದಾರಿಯಲ್ಲಿ ಇದು ತಿರುವುಮುರುವಾಗುತ್ತದೆ. ಕಥೆಯೊಳಗಿನವರೇ ‘ಇವನಾರು?’ ಎಂದು ಅನುಮಾನಿಸುತ್ತಾರೆ. ಕಟ್ಟಿಕೊಂಡ ಹೆಂಡತಿಯೇ ಒಪ್ಪದಿರುವಾಗ ಪ್ರೇಕ್ಷಕನು ಹೇಗೆ ಒಪ್ಪಿಯಾನು? ಮುಖದ ಬದಲಾವಣೆಗೆ ಕಾರಣ ಹೇಳಲು ಹೋಗಿ ಕಥೆಯು ಆ ಬದಲಾವಣೆಯನ್ನೇ ದಿನದಿನವೂ ಎತ್ತಿ ತೋರಿಸಿದಂತಾಯಿತು. ಪಾತ್ರವು ನಟನ ಮುಖದಲ್ಲಿದೆಯೆಂದು ನಾವು ಭಾವಿಸುತ್ತೇವೆ; ಅದರ ಬಹುಪಾಲು ಇರುವುದು ಅದನ್ನು ಹೆಸರು ಹಿಡಿದು ಕರೆಯುವವರ ಬಾಯಲ್ಲಿ.

ಇದಕ್ಕೆ ನಮ್ಮ ಸೀಮೆಯ ಮಳೆಯೂ ಒಂದು ಪುರಾವೆ ಒದಗಿಸುತ್ತದೆ. ಮನೆಯ ಮೇಲಿನ ತಟ್ಟೆ ಆಂಟೆನಾಕ್ಕೆ ಉಪಗ್ರಹದಿಂದ ಬರುವ ಸಂಕೇತವು ದಟ್ಟ ಮಳೆಯಲ್ಲಿ ಕ್ಷೀಣಿಸುತ್ತದೆ. ಜೊತೆಗೆ ಮರ ಬಿದ್ದು ವಿದ್ಯುತ್ ಹೋದರೆ ವಾರಗಟ್ಟಲೆ ತೆರೆ ಕಪ್ಪು. ಹೀಗೆ ಒಂದು ವಾರದ ಕಂತುಗಳು ತಪ್ಪಿ, ವಿದ್ಯುತ್ ಬಂದ ಮೇಲೆ ನೋಡಿದರೆ ಪಾತ್ರದಲ್ಲಿ ಬೇರೆಯವರು. ಬದಲಾವಣೆಯನ್ನು ತಿಳಿಸುವ ಸಾಲನ್ನು ಮಳೆ ನುಂಗಿರುತ್ತದೆ. ಆದರೂ ಮನೆಯ ಅಜ್ಜಿಯರು ಎರಡೇ ದೃಶ್ಯಗಳಲ್ಲಿ ಲೆಕ್ಕ ಹಾಕಿಬಿಡುವುದನ್ನು ನಾವು ಕಂಡಿದ್ದೇವೆ. ‘ಅವಳ ಅತ್ತೆ ಇವಳನ್ನ ಬೈತಾ ಇದಾಳೆ, ಅಂದಮೇಲೆ ಇವಳೇ ಅವಳು’ ಎಂಬುದು ಒಬ್ಬ ಹಿರಿಯ ತಾಯಿಯ ತರ್ಕ. ಅಲಂಕಾರಶಾಸ್ತ್ರದ ಯಾವ ಪಂಡಿತನಾದರೂ ಇದಕ್ಕೆ ತಲೆದೂಗಬೇಕು.

ನಾಲ್ಕನೆಯದು ಸಾವಿನ ದಾರಿ. ಉಮಾಶ್ರೀಯವರು ಪುಟ್ಟಕ್ಕನಾಗಿ ಅಭಿನಯಿಸಿದ, 2021ರ ಡಿಸೆಂಬರ್‌ನಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಮಗಳು ಸ್ನೇಹಾಳ ಪಾತ್ರದಲ್ಲಿದ್ದ ಸಂಜನಾ ಬುರ್ಲಿಯವರು 2024ರ ಕೊನೆಯ ಭಾಗದಲ್ಲಿ ಹೊರಬಂದರು. ಅವರ ಜಾಗಕ್ಕೆ ಅದೇ ಪಾತ್ರವಾಗಿ ಇನ್ನೊಬ್ಬರನ್ನು ತರದೆ, ಸ್ನೇಹಾ ಸತ್ತಳೆಂದು ಕಥೆ ತಿರುಗಿತು. ಅವಳ ಹೃದಯವನ್ನು ಅದೇ ಹೆಸರಿನ ಇನ್ನೊಬ್ಬ ಯುವತಿಗೆ ಜೋಡಿಸಲಾಯಿತು. ಆ ಎರಡನೆಯ ಸ್ನೇಹಾಳಾಗಿ ಬಂದವರು ವಿದ್ಯಾ ರಾಜ್. ಹೃದಯ ಅದೇ, ಹೆಸರು ಅದೇ, ಮನುಷ್ಯಳು ಬೇರೆ. ಇದರ ವಿಪರ್ಯಾಸವನ್ನು 2023ರಲ್ಲಿ ಆರಂಭವಾದ ‘ಸೀತಾರಾಮ’ದಲ್ಲಿ ಕಂಡೆವು. ಅಲ್ಲಿ ಸಿಹಿ ಎಂಬ ಮಗು ತೀರಿಕೊಂಡ ಮೇಲೆ ಅವಳ ಅವಳಿ ಸುಬ್ಬಿಯಾಗಿ ಬಂದವಳು ಅದೇ ಬಾಲನಟಿ ರಿತು ಸಿಂಗ್. ಮುಖ ಅದೇ, ಮಗು ಬೇರೆ. ಅದೇ ಮುಖ ಕಣ್ಣೆದುರಿಗಿದ್ದರೂ ನೋಡುವವರು ಸತ್ತ ಸಿಹಿಗಾಗಿ ಅತ್ತರು. ಮುಖವೇ ಸರ್ವಸ್ವವಲ್ಲವೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕೇ?

ಇಷ್ಟೂ ಹೊತ್ತು ಪಾತ್ರದ ಮಾತಾಡಿದೆವು. ಪಾತ್ರವನ್ನು ಬಿಟ್ಟುಹೋದವರ, ತುಂಬಲು ಬಂದವರ ಮಾತೂ ಆಡಬೇಕು. ಏಕೆಂದರೆ ಅವರು ಉಂಡು ಉಡಬೇಕಾದ ಮನುಷ್ಯರು. ಹೊಸಬಳ ಪಾಡನ್ನು ಯೋಚಿಸಿ. ಅವಳಿಗೆ ಸಿಗುವ ಪಾತ್ರವು ಮತ್ತೊಬ್ಬಳ ನಡಿಗೆಗೆ, ಮತ್ತೊಬ್ಬಳ ನಗುವಿಗೆ ಒಗ್ಗಿಹೋದದ್ದು. ಹಳಬಳಂತೆಯೇ ಮಾಡಿದರೆ ನಕಲೆನ್ನುತ್ತಾರೆ, ಬೇರೆಯಾಗಿ ಮಾಡಿದರೆ ಪಾತ್ರ ಕೆಟ್ಟಿತೆನ್ನುತ್ತಾರೆ. ಹಳಬಳು ಹಿಂತಿರುಗಿದರೆ ಹೊಸಬಳು ಜಾಗ ತೆರವು ಮಾಡಬೇಕು. ಈ ಪಾಡು ನಮ್ಮ ದೇಶದವರಿಗಷ್ಟೇ ಒದಗಿದ್ದಲ್ಲ. ಅಮೆರಿಕದಲ್ಲಿ ಬಹುಕಾಲ ನಡೆದ ‘ಡಲ್ಲಾಸ್’ ಎಂಬ ಧಾರಾವಾಹಿಯಲ್ಲಿ ಮನೆಯ ಹಿರಿಯ ತಾಯಿ ಮಿಸ್ ಎಲಿಯ ಪಾತ್ರವನ್ನು ಬಾರ್ಬರಾ ಬೆಲ್ ಗೆಡ್ಡಿಸ್ ನಿರ್ವಹಿಸುತ್ತಿದ್ದರು. ಅವರು ಬಿಟ್ಟಾಗ 1984ರಲ್ಲಿ ಡೋನಾ ರೀಡ್ ಎಂಬ ಹೆಸರಾಂತ ನಟಿ ಆ ಪಾತ್ರಕ್ಕೆ ಬಂದರು. ಮರುವರ್ಷವೇ ಬೆಲ್ ಗೆಡ್ಡಿಸ್ ಮರಳಿದರು, ಡೋನಾ ರೀಡ್ ಅವರನ್ನು ಕೈಬಿಡಲಾಯಿತು. ಒಪ್ಪಂದ ಮುರಿದುದಕ್ಕಾಗಿ ಅವರು ನ್ಯಾಯಾಲಯದ ಮೆಟ್ಟಿಲೇರಿ ಪರಿಹಾರ ಪಡೆದರು; 1986ರ ಜನವರಿಯಲ್ಲಿ ತೀರಿಕೊಂಡರು. ಮಿಸ್ ಎಲಿಯ ಕಥೆ ಮಾತ್ರ ನಿಲ್ಲದೆ ಮುಂದುವರಿಯಿತು. ಪಾತ್ರಕ್ಕೆ ಬದಲಿ ಸಿಗುತ್ತದೆ. ಕೈಬಿಡಲ್ಪಟ್ಟವರ ಬದುಕಿಗೆ ಬದಲಿ ಬದುಕು ಸಿಗುವುದಿಲ್ಲ. ನೋಡುವವರಾದ ನಾವು ಹೊಸಬರನ್ನು ನಾಲ್ಕು ದಿನದಲ್ಲೇ ಬೈದು ಓಡಿಸುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ಇದೀಗ ಮನೆಯ ಕಡೆಗೆ ತಿರುಗೋಣ. ತಾಯಿ, ತಂದೆ, ಸೊಸೆ, ಹಿರಿಯ ಮಗ ಎಂಬುವೂ ಒಂದು ಬಗೆಯ ಪಾತ್ರಗಳೇ. ಒಬ್ಬರು ಹೋದರೆ ಆ ಸ್ಥಾನವನ್ನು ಇನ್ನೊಬ್ಬರು ತುಂಬಬೇಕಾಗುತ್ತದೆ. ನಮಗೆ ತಿಳಿದ ಒಂದು ಮನೆಯಲ್ಲಿ ಸೊಸೆ ಕಾಯಿಲೆಯಿಂದ ತೀರಿಕೊಂಡಳು. ಏಳು ವರ್ಷದ ಹೆಣ್ಣುಮಗು ಉಳಿಯಿತು. ಎರಡು ವರ್ಷದ ಅನಂತರ ಹಿರಿಯರು ಸೇರಿ ಮಗನಿಗೆ ಇನ್ನೊಂದು ಮದುವೆ ಮಾಡಿದರು. ಹೊಸ ಸೊಸೆ ಹೊಸ್ತಿಲು ದಾಟಿದ ದಿನವೇ ಮಗುವಿಗೆ ‘ಅಮ್ಮ ಅನ್ನು’ ಎಂದು ಎಲ್ಲರೂ ಬೆನ್ನುಹತ್ತಿದರು. ಗೋಡೆಯ ಮೇಲಿದ್ದ ಮೊದಲನೆಯವಳ ಪಟವನ್ನು ‘ಹೊಸಬಳಿಗೆ ಬೇಸರವಾದೀತು’ ಎಂದು ತೆಗೆದು ಒಳಗಿಟ್ಟರು. ಅದೇ ಬಾಯಲ್ಲಿ ‘ಅವಳು ಕಡುಬು ಮಾಡಿದರೆ ಹೀಗಿರುತ್ತಿರಲಿಲ್ಲ’ ಎಂದೂ ಹೇಳಿದರು. ಧಾರಾವಾಹಿಯವರು ಒಂದು ಸಾಲು ತೋರಿಸಿ ಮಾಡುವ ಕೆಲಸವನ್ನು ಮನೆಯಲ್ಲಿ ಒಂದೇ ದಿನದಲ್ಲಿ ಮಾಡಿ ಮುಗಿಸಲು ಹೊರಟರು. ಮಗು ಮಾತನ್ನೇ ಬಿಟ್ಟಿತು.

ಆ ಬಿಕ್ಕಟ್ಟನ್ನು ಬಿಡಿಸಿದವಳು ಹೊಸ ಸೊಸೆಯೇ. ಒಳಗಿಟ್ಟಿದ್ದ ಪಟವನ್ನು ತಾನೇ ಒರೆಸಿ ತಂದು ಪಡಸಾಲೆಯಲ್ಲಿ ಹಾಕಿದಳು. ಮಗುವನ್ನು ಕೂರಿಸಿಕೊಂಡು, ‘ಅವರು ನಿನ್ನ ಅಮ್ಮ. ನನ್ನನ್ನ ಚಿಕ್ಕಮ್ಮ ಅಂತ ಕರಿ, ಸಾಕು’ ಎಂದಳು. ಆ ಮಗು ಈಗ ಕಾಲೇಜಿಗೆ ಹೋಗುವ ಹುಡುಗಿ. ಇಂದಿಗೂ ಚಿಕ್ಕಮ್ಮ ಎಂದೇ ಕರೆಯುತ್ತಾಳೆ. ಊರಿಗೆ ಬಂದಾಗ ಮೊದಲು ಹುಡುಕುವುದೂ ಚಿಕ್ಕಮ್ಮನನ್ನೇ. ಹೆಸರು ಬೇರೆಯಾದುದರಿಂದ ಆ ಮನೆಯಲ್ಲಿ ಯಾರ ಸ್ಥಾನಕ್ಕೂ ಕೊರತೆಯಾಗಿಲ್ಲ.

ಧಾರಾವಾಹಿಗೂ ಮನೆಗೂ ಇರುವ ಅಂತರವು ಇಲ್ಲಿ ಸ್ಪಷ್ಟವಾಗುತ್ತದೆ. ಅಲ್ಲಿ ಹೋದವಳಿಗಾಗಿ ಯಾರೂ ಶೋಕಿಸಬೇಕಿಲ್ಲ; ಕಥೆಯೊಳಗೆ ಅವಳು ಹೋಗಿಯೇ ಇಲ್ಲ. ಮನೆಯಲ್ಲಿ ಹೋದವರು ನಿಜವಾಗಿಯೂ ಹೋಗಿರುತ್ತಾರೆ. ಅವರಿಗೆ ಸಲ್ಲಬೇಕಾದ ಕಣ್ಣೀರು ಸಲ್ಲದೆ ಆ ಸ್ಥಾನಕ್ಕೆ ಬಂದವರು ನೆಮ್ಮದಿಯಿಂದ ಕೂರಲಾರರು. ಆದರೂ ಧಾರಾವಾಹಿಯಿಂದ ನಾ�ವು ಕಲಿಯಬಹುದಾದುದೊಂದಿದೆ. ಹೊಸಬರು ತಮ್ಮ ಸ್ಥಾನವನ್ನು ತಾವೇ ಗಳಿಸಿಕೊಳ್ಳಲಿ ಎಂದು ಕೈಕಟ್ಟಿ ನೋಡುತ್ತ ಕುಳಿತರೆ ಅವರಿಗೆ ಅದು ಎಂದೂ ದೊರೆಯದು. ಅತ್ತೆ, ಮಾವ, ಗಂಡ, ನಾದಿನಿ, ಮನೆಯ ಆಳುಕಾಳುಗಳೆಲ್ಲ ಅವರನ್ನು ಮನೆಯವರೆಂದು ಕಂಡು, ಕರೆದು, ಕೆಲಸ ಹೇಳಿ, ಸಲಹೆ ಕೇಳಿದಾಗಲೇ ಅವರು ಮನೆಯವರಾಗುತ್ತಾರೆ. ಸ್ಥಾನವನ್ನು ಸುತ್ತಲಿನವರು ಕೊಡಬೇಕು. ಹೋಲಿಕೆಯನ್ನು ಸುತ್ತಲಿನವರು ಬಿಡಬೇಕು.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಮುಂದೆ ನೀವು ಮೆಚ್ಚಿದ ಧಾರಾವಾಹಿಯಲ್ಲಿ ಮುಖ ಬದಲಾದಾಗ ಹೊಸ ಕಲಾವಿದರಿಗೆ ಒಂದು ತಿಂಗಳ ಅವಕಾಶ ಕೊಡಿ. ಮನೆಯಲ್ಲಿ ವೃದ್ಧರಿದ್ದು ‘ಇವಳ್ಯಾರು?’ ಎಂದು ಕೇಳಿದರೆ ಗದರದೆ ಬಿಡಿಸಿ ಹೇಳಿ. ಅವರು ಒಬ್ಬ ನೆಂಟಳನ್ನು ಕಳೆದುಕೊಂಡಿದ್ದಾರೆ. ನಿಮ್ಮದೇ ಮನೆಯ ಯಾವುದಾದರೊಂದು ಸ್ಥಾನಕ್ಕೆ ಹೊಸಬರು ಬಂದಿದ್ದರೆ, ಹೋದವರ ಪಟ ಗೋಡೆಯ ಮೇಲಿರಲಿ, ಬಂದವರಿಗೆ ಅವರದೇ ಹೆಸರಿನ ಕರೆಯಿರಲಿ.